ಬದಲಿ ಡಬ್ಬಿಯ ನಾಗಲಕ್ಷ್ಮಮ್ಮ

ದೊಡ್ಡಬಳ್ಳಾಪುರದ ಮಗ್ಗದ ಬೀದಿ ಬಾಯಿ ಮುಚ್ಚಿಕೊಂಡಿರುವುದು ನಸುಕಿನಲ್ಲಿ ಮಾತ್ರ. ಹಾಲಿನ ಗಾಡಿ ಹೋದ ಮೇಲೆ, ಮೊದಲ ಮಗ್ಗದ ಸ್ವಿಚ್ಚು ಬೀಳುವ ಮುಂಚೆ, ಕಾಗೆ ಕೂಗಿದ್ದೂ ಸ್ಪಷ್ಟವಾಗಿ ಕೇಳುತ್ತದೆ. ಆ ಹೊತ್ತಿನಲ್ಲಿ ನಾಗಲಕ್ಷ್ಮಮ್ಮನವರನ್ನು ಮಾತಾಡಿಸಬಾರದು. ನಡುಮನೆಯಲ್ಲಿ ಚಾಪೆ ಹಾಸಿ ಕೂತಿದ್ದಾರೆ. ಕನ್ನಡಕ ಹಣೆಗೆ ಏರಿದೆ, ಕಾಫಿ ಪಕ್ಕದಲ್ಲಿ ಆರುತ್ತಿದೆ. ಊಟದ ಡಬ್ಬಿಯಷ್ಟಿರುವ ಒಂದು ಕಪ್ಪು ಪೆಟ್ಟಿಗೆಯನ್ನು ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿಕೊಂಡು, ಒಳಗಿನಿಂದ ಏನಾದರೂ ಸದ್ದು ಬರುತ್ತದಾ ಎಂದು ಆಲಿಸುತ್ತಿದ್ದಾರೆ.

‘ಫ್ಯಾನ್ ಇದೆ ಇದ್ರಲ್ಲಿ. ಬೇಡ’ ಎಂದು ಅದನ್ನು ಎಡಗಡೆಯ ರಾಶಿಗೆ ಸೇರಿಸುತ್ತಾರೆ. ಬಲಗಡೆ ಇರುವುದು ಪಾಸಾದವು. ಎಡಗಡೆಯ ರಾಶಿ ಯಾವತ್ತೂ ದೊಡ್ಡದು.

ಫ್ಯಾನ್ ಇದ್ದರೆ ಏನಾಯಿತು ಎಂದು ಕೇಳಿದವರಿಗೆ, ಮಗ್ಗದ ಮನೆಯೊಂದರಿಂದ ರಿಪೇರಿಗೆ ಬಂದ ಹಳೆಯ ಕಂಪ್ಯೂಟರಿನ ಮುಚ್ಚಳ ತೆಗೆದು ತೋರಿಸುತ್ತಾರೆ. ಒಳಗೆ ಗುಬ್ಬಚ್ಚಿ ಗೂಡು ಕಟ್ಟಿದಂತೆ ನೂಲಿನ ಧೂಳು ಗಂಟುಗಂಟಾಗಿ ಕೂತಿದೆ. ಗುಲಾಬಿ, ಹಸಿರು, ನೀಲಿ. ಆ ವರ್ಷ ಯಾವ ಬಣ್ಣದ ಸೀರೆಗೆ ಗಿರಾಕಿ ಹೆಚ್ಚು ಎಂಬುದನ್ನೂ ಅದರಲ್ಲೇ ಹೇಳಬಹುದು. ‘ಫ್ಯಾನು ಗಾಳಿ ಎಳ್ಕೊಳ್ಳುತ್ತೆ, ಗಾಳಿ ಜೊತೆ ಇದನ್ನೂ ಎಳ್ಕೊಳ್ಳುತ್ತೆ. ಆಮೇಲೆ ಉಸಿರು ಕಟ್ಟಿ ಸಾಯುತ್ತೆ ಪಾಪ’ ಎನ್ನುವಾಗ ಅವರ ದನಿಯಲ್ಲಿ ನಿಜವಾದ ಮರುಕವಿದೆ.

ಐವತ್ತು ದಾಟಿದ ನಾಗಲಕ್ಷ್ಮಮ್ಮ ಆರಿಸುತ್ತಿರುವುದು ಮನೆಗಳಿಗೆ ಕಾವಲು ಕೂರಿಸುವ ಪೆಟ್ಟಿಗೆಗಳನ್ನು. ಕಂಪ್ಯೂಟರ್ ಬಲ್ಲವರು ಇದನ್ನು ಫೈರ್‌ವಾಲ್ ಎನ್ನುತ್ತಾರೆ. ಬೀದಿಯವರು ಡಬ್ಬಿ ಎನ್ನುತ್ತಾರೆ, ಇವರನ್ನು ಡಬ್ಬಿ ನಾಗಲಕ್ಷ್ಮಮ್ಮ ಎನ್ನುತ್ತಾರೆ. ಹೊರಗಿನಿಂದ ಬರುವ ಇಂಟರ್ನೆಟ್ ವೈರಿಗೂ ಮನೆಯೊಳಗಿನ ಕಂಪ್ಯೂಟರ್, ಕ್ಯಾಮೆರಾ, ಫೋನುಗಳಿಗೂ ನಡುವೆ ಈ ಡಬ್ಬಿ ಕೂರುತ್ತದೆ. ಹಗಲೆಲ್ಲ ಜಗಲಿಯ ಮೇಲೆ ಕೂತು ‘ಯಾರಪ್ಪಾ ಅದು? ಯಾರು ಬೇಕಾಗಿತ್ತು?’ ಎಂದು ವಿಚಾರಿಸಿಯೇ ಒಳಗೆ ಬಿಡುವ ಅಜ್ಜಿಯ ಕೆಲಸ ಅದರದ್ದು. ಅದರೊಳಗೆ ಓಡುವುದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತೆರೆದು ನೋಡಬಹುದು, ತಿದ್ದಬಹುದು, ಅದಕ್ಕೆ ದುಡ್ಡಿಲ್ಲ. ದುಡ್ಡು ಬೀಳುವುದು ಪೆಟ್ಟಿಗೆಗೆ. ಅದನ್ನು ನೇಕಾರರ ಕೈಗೆ ಎಟುಕುವ ಬೆಲೆಯಲ್ಲಿ ಹುಡುಕಿ ತರುವುದೇ ಇವರ ಕಸುಬು.

ಡಬ್ಬಿಗೆ ಮುಂಚೆ ಅವರ ಕೈಯಲ್ಲಿ ಇದ್ದದ್ದು ರಟ್ಟಿನ ಕಾರ್ಡು. ಸೀರೆಯ ಬಾರ್ಡರಿನ ಚಿತ್ರವನ್ನು ಚೌಕುಳಿ ಕಾಗದದ ಮೇಲೆ ಬರೆದು, ಅದನ್ನು ನೋಡಿ ಕಾರ್ಡಿಗೆ ತೂತು ಹೊಡೆದು ಮಗ್ಗಕ್ಕೆ ಕಟ್ಟುತ್ತಿದ್ದ ಕಾಲ ಅದು. ಮದುವೆಯಾಗಿ ಈ ಬೀದಿಗೆ ಬಂದ ಹೊಸದರಲ್ಲೇ ಅವರು ಆ ಕೆಲಸಕ್ಕೆ ಕೂತರು. ಆಮೇಲೆ ಮಗ್ಗಗಳಿಗೆ ಕಂಪ್ಯೂಟರ್ ಬಂತು, ಕಾರ್ಡು ಅಟ್ಟ ಸೇರಿತು, ಬಾರ್ಡರು ಪರದೆಯ ಮೇಲೆ ಏರಿತು. ನಾಗಲಕ್ಷ್ಮಮ್ಮ ಚೌಕುಳಿ ಕಾಗದ ಬಿಟ್ಟು ಮೌಸ್ ಹಿಡಿದರು. ಕಂಪ್ಯೂಟರ್ ಕೆಟ್ಟರೆ ಬೆಂಗಳೂರಿನವರು ಬರುವವರೆಗೆ ಮಗ್ಗ ನಿಲ್ಲಿಸಿಕೊಂಡು ಕೂರಬೇಕಿತ್ತು. ಅದಕ್ಕೇ ಬಿಚ್ಚುವುದನ್ನು ಕಲಿತರು. ಮೊದಮೊದಲು ಬಿಚ್ಚಿದ್ದನ್ನು ಜೋಡಿಸಿದಾಗ ಒಂದೆರಡು ಸ್ಕ್ರೂ ಮಿಗುತ್ತಿದ್ದವು ಎಂದು ಅವರ ಯಜಮಾನರಾದ ರವಿಶಂಕರ್ ಈಗಲೂ ಹಂಗಿಸುತ್ತಾರೆ. ಮಗ್ಗ ರಿಪೇರಿಯಲ್ಲಿ ಪಳಗಿದ ಕೈ ಅವರದ್ದು. ‘ನಾನು ಬಿಚ್ಚಿದ್ರೆ ಒಂದೂ ಮಿಗಲ್ಲ’ ಎಂದು ಮೀಸೆ ತಿರುವುತ್ತಾರೆ.

‘ನಿಮ್ಮ ಮಗ್ಗದ ಸ್ಕ್ರೂ ಬದ್ನೆಕಾಯಿ ಗಾತ್ರ. ಮಿಕ್ಕಿದ್ರೆ ಕಾಲಿಗೆ ಎಡವುತ್ತಲ್ಲ’ ಎಂದು ಒಳಗಿನಿಂದ ಉತ್ತರ ಬರುತ್ತದೆ.

ಡಬ್ಬಿಯ ಹುಚ್ಚು ಹಿಡಿದಿದ್ದು ಕ್ಯಾಮೆರಾದಿಂದ. ನೂಲು ಕಳುವಾಗುತ್ತಿದೆ ಎಂದು ರವಿಶಂಕರ್ ಮಗ್ಗದ ಮನೆಗೆ ಅಗ್ಗದ ಕ್ಯಾಮೆರಾ ಒಂದನ್ನು ಹಾಕಿಸಿದ್ದರು, ಫೋನಿನಲ್ಲಿ ಗುಂಡಿ ಒತ್ತಿದರೆ ಕತ್ತು ತಿರುಗಿಸುವಂಥದ್ದು. ಒಂದು ಮಧ್ಯಾಹ್ನ ನಾಗಲಕ್ಷ್ಮಮ್ಮ ತಲೆಗೆ ಸ್ನಾನ ಮಾಡಿ, ಕೂದಲು ಹರಡಿಕೊಂಡು ಅಲ್ಲೇ ಫ್ಯಾನಿನ ಕೆಳಗೆ ಕೂತಿದ್ದರು. ಗೋಡೆಯ ಕಡೆ ಮುಖ ಮಾಡಿದ್ದ ಕ್ಯಾಮೆರಾ ಮೆಲ್ಲಗೆ ಕತ್ತು ತಿರುಗಿಸಿ ಅವರನ್ನು ನೋಡಿತು. ಯಜಮಾನರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಹಜಾರಕ್ಕೆ ಬಂದರೆ, ಅವರು ಗೊರಕೆ ಹೊಡೆಯುತ್ತಿದ್ದಾರೆ. ಫೋನು ಚಾರ್ಜಿಗೆ ಹಾಕಿದೆ.

‘ಮೈಯೆಲ್ಲಾ ಜುಂ ಅಂದ್ಬಿಡ್ತು. ಯಾರೋ ಎಲ್ಲೋ ಕೂತ್ಕೊಂಡು ನಮ್ಮನೆ ಒಳಗೆ ಇಣುಕ್ತಾ ಇದ್ದ. ಕದ ಹಾಕ್ಕೊಳ್ಳೋಣ ಅಂದ್ರೆ, ಯಾವ ಕದ ಹಾಕ್ಕೊಳ್ಳೋದು ಹೇಳಿ?’

ಪೇಟೆಯಲ್ಲಿ ವಿಚಾರಿಸಿದರೆ ಹೊಸ ಫೈರ್‌ವಾಲ್ ಯಂತ್ರದ ಬೆಲೆ ಮಗ್ಗದ ಮೋಟರಿನ ಬೆಲೆಯ ಹತ್ತಿರ ಬಂತು. ಮೇಲೆ ವರ್ಷ ವರ್ಷ ಕಂತು ಬೇರೆ. ನಾಗಲಕ್ಷ್ಮಮ್ಮ ಮನೆಗೆ ಬಂದು, ಮುಕ್ತ ತಂತ್ರಾಂಶದವರು ಹಾಕಿದ ವಿಡಿಯೊಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರು. ಇಂಗ್ಲಿಷು ಅರ್ಧ ತಲೆಗೆ ಹತ್ತಲಿಲ್ಲ. ಆದರೆ ಪರದೆಯ ಮೇಲೆ ಮೂಡಿದ ನಿಯಮಗಳ ಪಟ್ಟಿ ನೋಡಿದಾಗ ನಗು ಬಂತಂತೆ. ‘ಇದು ನಮ್ಮ ಕಾರ್ಡೇ ಅಲ್ವಾ ಅನ್ನಿಸ್ತು. ಕಾರ್ಡಲ್ಲಿ ತೂತು ಇದ್ರೆ ದಾರ ಏಳುತ್ತೆ, ಇಲ್ದಿದ್ರೆ ಇಲ್ಲ. ಇಲ್ಲೂ ಅಷ್ಟೇ. ತೂತು ಬಿಟ್ಟ ಕಡೆ ಬರ್ತಾರೆ, ಬಿಡದ ಕಡೆ ಬರಲ್ಲ. ಎಲ್ಲಿ ತೂತು ಹೊಡೀಬೇಕು, ಎಲ್ಲಿ ಹೊಡೀಬಾರ್ದು, ನಾನು ಮಾಡ್ಕೊಂಡು ಬಂದಿದ್ದೇ ಅದು ತಾನೇ.’

ಇನ್ನು ಉಳಿದದ್ದು ಪೆಟ್ಟಿಗೆಯ ಪ್ರಶ್ನೆ. ನೆಲಮಂಗಲದ ಹೆದ್ದಾರಿ ಬದಿಯಲ್ಲಿ ಜಯಕುಮಾರ್ ಎಂಬವರ ಗುಜರಿ ಗೋದಾಮು ಇದೆ. ಆಫೀಸುಗಳು, ಬಿಲ್ಲಿಂಗ್ ಕೌಂಟರುಗಳು ಹಳೆಯದನ್ನು ಕಳಚಿದಾಗ, ಮಾನಿಟರಿನ ಬೆನ್ನಿಗೆ ಅಂಟಿಕೊಂಡಿರುತ್ತಿದ್ದ ಪುಟ್ಟ ಕಂಪ್ಯೂಟರುಗಳು ಇಲ್ಲಿಗೆ ಮೂಟೆ ಮೂಟೆಯಾಗಿ ಬಂದು ಬೀಳುತ್ತವೆ. ಅವುಗಳಲ್ಲಿ ಕೆಲವು ಫ್ಯಾನಿಲ್ಲದ, ವಿದ್ಯುತ್ತು ಕಡಿಮೆ ಕುಡಿಯುವ ಯಂತ್ರಗಳು. ಕೆಲಸ ಇನ್ನೂ ಬಾಕಿ ಇದೆ, ಮಾಲೀಕರು ಮಾತ್ರ ಸಾಕೆಂದು ಬಿಟ್ಟಿದ್ದಾರೆ. ನಾಗಲಕ್ಷ್ಮಮ್ಮ ಬಸ್ಸಿನಲ್ಲಿ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಮೂಟೆಗೆ ಕೈ ಹಾಕುತ್ತಾರೆ. ವೈರು ಚುಚ್ಚುವ ಜಾಗ ಒಂದೇ ಇದ್ದರೆ ಸಾಲದು. ಹೊರಗಿನದಕ್ಕೊಂದು, ಒಳಗಿನದಕ್ಕೊಂದು ಬೇಕು. ಇನ್ನೊಂದನ್ನು ಕೂರಿಸಲು ಒಳಗೆ ಜಾಗವಿದೆಯೇ ಎಂದು ಅಲ್ಲೇ ಮುಚ್ಚಳ ತೆಗೆದು ನೋಡುತ್ತಾರೆ. ಅಡಾಪ್ಟರ್ ಅದೇ ಕಂಪನಿಯದ್ದೋ, ಯಾರೋ ಬೇರೆಯದನ್ನು ತಂದು ಗಂಟು ಹಾಕಿದ್ದೋ ಎಂದು ಮೂಸಿ ನೋಡುತ್ತಾರೆ. ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ.

‘ಅಕ್ಕ ಬಂದ್ರೆ ನಂಗೆ ಅರ್ಧ ದಿನ ಹೋಯ್ತು. ಸೊಪ್ಪು ಸೋಸ್ದಂಗೆ ಸೋಸ್ತಾರೆ’ ಎಂದು ಜಯಕುಮಾರ್ ದೂರುತ್ತಾರೆ. ಆದರೂ ಅಕ್ಕನಿಗೆಂದು ಒಳ್ಳೆಯ ಮೂಟೆಯನ್ನು ಎತ್ತಿಟ್ಟಿರುತ್ತಾರೆ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಮನೆಯಲ್ಲಿ. ಡಬ್ಬಿ ಓಡುತ್ತಿರುವಾಗಲೇ ಸ್ವಿಚ್ಚು ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ. ಯಾರೂ ಗುಂಡಿ ಒತ್ತದೆ ಅದು ತಾನಾಗಿ ಎದ್ದು ಕೂರಬೇಕು, ಇವತ್ತು ಯಾವ ತಾರೀಖು ಎಂಬುದೂ ನೆನಪಿರಬೇಕು. ‘ನಮ್ಮೂರ ಕರೆಂಟು ಹೇಳದೆ ಹೋಗುತ್ತೆ, ಹೇಳದೆ ಬರುತ್ತೆ. ಒಂದೊಂದು ಸಲಕ್ಕೂ ಎಬ್ಬಿಸೋಕೆ ನಾನು ಮನೆ ಮನೆಗೆ ಹೋಗ್ಲಾ?’ ಅಷ್ಟಾದ ಮೇಲೆ ಅಂಗೈಯ ಹಿಂಬದಿಯನ್ನು ಡಬ್ಬಿಯ ಮೇಲಿಟ್ಟು ಬಿಸಿ ನೋಡುತ್ತಾರೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವುದೂ ಹೀಗೆಯೇ.

ಇಷ್ಟೆಲ್ಲ ಸೋಸಿ ಕೂರಿಸಿದ ಡಬ್ಬಿ ಹೋದ ವರ್ಷದ ಆಯುಧ ಪೂಜೆಯ ದಿನ ಅವರ ಮಾನ ಕಳೆಯಿತು. ಆ ಮಾತು ಎತ್ತಿದರೆ ನಾಗಲಕ್ಷ್ಮಮ್ಮನ ಮುಖ ಇವತ್ತಿಗೂ ಸಪ್ಪೆಯಾಗುತ್ತದೆ.

ಎದುರು ಸಾಲಿನಲ್ಲಿ ಕೋದಂಡರಾಮಯ್ಯನವರ ಮನೆ. ಎಪ್ಪತ್ತೈದು ದಾಟಿದ ಹಿರಿಯ ನೇಕಾರರು. ಬೀದಿಗೆಲ್ಲ ಯಜಮಾನರು, ನಾಗಲಕ್ಷ್ಮಮ್ಮನಿಗೆ ದೊಡ್ಡಪ್ಪ. ಅವರ ಡಿಸೈನ್ ಕಂಪ್ಯೂಟರಿನಲ್ಲಿ ಬದುಕಿಡೀ ನೇಯ್ದ ಬಾರ್ಡರುಗಳಿದ್ದವು. ಅದರಲ್ಲಿ ಎಷ್ಟೋ ನಾಗಲಕ್ಷ್ಮಮ್ಮನೇ ಕೂತು ಬರೆದದ್ದು. ಆಯುಧ ಪೂಜೆಗೆ ಮಗ್ಗಕ್ಕೆ ವಿಶ್ರಾಂತಿ. ಲಾಳಿ, ಕತ್ತರಿ, ಸ್ಪ್ಯಾನರು ಎಲ್ಲ ತೊಳೆದು ಮಣೆಯ ಮೇಲೆ. ಹಿಂದಿನ ದಿನ ಕೋದಂಡರಾಮಯ್ಯ ತಮ್ಮ ಮನೆಯಲ್ಲಿ ಕೂರಿಸಿದ್ದ ಡಬ್ಬಿ ತೋರಿಸಿ ಕೇಳಿದ್ದರು: ‘ಏನಮ್ಮಾ ನಾಗು, ವರ್ಷವಿಡೀ ಕಣ್ಣು ಮುಚ್ಚದೆ ದುಡಿಯುತ್ತಲ್ಲ ಈ ಡಬ್ಬಿ, ಇದಕ್ಕೂ ಒಂದಿನ ರಜಾ ಕೊಡಬೇಕಲ್ವಾ?’ ನಾಗಲಕ್ಷ್ಮಮ್ಮನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ‘ಕೊಡಿ ದೊಡ್ಡಪ್ಪ, ಆರಿಸಿ ಪೂಜೆಗಿಡಿ’ ಎಂದುಬಿಟ್ಟರು.

ಡಬ್ಬಿ ಮಣೆಯೇರಿತು. ಕುಂಕುಮ, ಸೇವಂತಿಗೆ, ಮುಂದೆ ಪುರಿ ಬೂಂದಿ. ಡಬ್ಬಿ ಆರಿದ್ದರಿಂದ ಮನೆಯ ಇಂಟರ್ನೆಟ್ಟೂ ನಿಂತಿತು. ಸೇಲಂನಲ್ಲಿರುವ ಮಗಳ ಮನೆಯವರು ಪೂಜೆ ನೋಡಬೇಕು ಅಂದರು. ಇಲ್ಲಿ ತಾತನ ಜೊತೆಗಿರುವ ಮೊಮ್ಮಗಳು ಮೇಘನ ಕಾಲೇಜು ಓದುವ ಹುಡುಗಿ. ದೊಡ್ಡ ಪರದೆಯಲ್ಲಿ ಎಲ್ಲರೂ ಕಾಣಲಿ ಎಂದು ಹೊರಗಿನ ವೈರನ್ನು ನೇರವಾಗಿ ಡಿಸೈನ್ ಕಂಪ್ಯೂಟರಿಗೆ ಚುಚ್ಚಿ ವಿಡಿಯೊ ಕಾಲ್ ಮಾಡಿದಳು. ಮಗ್ಗಕ್ಕೆ ರಜೆ, ಡಬ್ಬಿಗೆ ರಜೆ. ಕಂಪ್ಯೂಟರಿಗೆ ಮಾತ್ರ ನಮ್ಮ ಮನೆಗಳಲ್ಲಿ ಹೂವು ಮುಡಿಸಿಯೇ ದುಡಿಸುತ್ತಾರೆ. ಮಂಗಳಾರತಿ ಚೆನ್ನಾಗಿ ಕಂಡಿತು. ವೈರನ್ನು ವಾಪಸ್ ತೆಗೆಯುವುದು ಯಾರಿಗೂ ನೆನಪಾಗಲಿಲ್ಲ.

ಆ ಕಂಪ್ಯೂಟರಿಗೆ ಸರ್ವಿಸ್‌ನವರು ದೂರದಿಂದಲೇ ಒಳಗೆ ಬಂದು ರಿಪೇರಿ ಮಾಡಲು ಒಂದು ದಾರಿ ಇತ್ತು. ಪಾಸ್‌ವರ್ಡು ಸುಲಭದ್ದು. ಅಷ್ಟು ದಿನ ಆ ದಾರಿಗೆ ಡಬ್ಬಿ ಅಡ್ಡ ಕೂತಿತ್ತು. ಅವತ್ತು ಅಡ್ಡ ಯಾರೂ ಇರಲಿಲ್ಲ. ಸಂಜೆಯ ಹೊತ್ತಿಗೆ ಯಾವುದೋ ದೇಶದ ಯಾರೋ ಒಳಹೊಕ್ಕು, ಬಾರ್ಡರುಗಳಿಗೆಲ್ಲ ಬೀಗ ಹಾಕಿ, ಬೀಗದ ಕೈಗೆ ದುಡ್ಡು ಕೇಳಿ ಪರದೆಯ ಮೇಲೆ ಬರೆದಿದ್ದರು. ಕಾಪಿ ಇಟ್ಟಿದ್ದ ಪೆನ್‌ಡ್ರೈವ್ ಅದೇ ಕಂಪ್ಯೂಟರಿಗೆ ಸಿಕ್ಕಿಸಿತ್ತು, ಅದಕ್ಕೂ ಬೀಗ.

ಕೋದಂಡರಾಮಯ್ಯ ದುಡ್ಡು ಕೊಡಲಿಲ್ಲ. ಕೂಗಾಡಲೂ ಇಲ್ಲ. ಮಾರನೇ ದಿನ ಕುಂಕುಮ ಮೆತ್ತಿಕೊಂಡಿದ್ದ ಡಬ್ಬಿಯನ್ನು ಕವರಿಗೆ ಹಾಕಿ ಮೇಘನಳ ಕೈಯಲ್ಲಿ ವಾಪಸ್ ಕಳಿಸಿದರು. ಹುಡುಗಿ ಬಾಗಿಲಲ್ಲೇ ಅಳುತ್ತಾ ನಿಂತಳು. ‘ನಾಗತ್ತೆ, ವೈರ್ ಚುಚ್ಚಿದ್ದು ನಾನು. ತಾತಂಗೆ ಹೇಳಿಲ್ಲ.’ ನಾಗಲಕ್ಷ್ಮಮ್ಮ ಅವಳ ಕಣ್ಣು ಒರೆಸಿದರು. ‘ನಿಂದಲ್ಲ ಕಣೇ, ತಪ್ಪು ನಂದು. ಕಾವಲುಗಾರಂಗೆ ರಜಾ ಕೊಡಿ ಅಂದೆ, ಬದಲಿ ಯಾರು ಅಂತ ಹೇಳಲೇ ಇಲ್ಲ.’

ಅಂದಿನಿಂದ ಆ ಡಬ್ಬಿ ಇವರ ಷೆಲ್ಫಿನ ಮೇಲಿದೆ. ಕುಂಕುಮ ಒರೆಸಿಲ್ಲ. ಬೇರೆಯವರಿಗೆ ಮಾರಿಲ್ಲ. ಧೂಳು ಹೊಡೆಯುವಾಗ ಅದೊಂದನ್ನು ಬಿಟ್ಟು ಹೊಡೆಯುತ್ತಾರೆ.

ಆ ಬಾರ್ಡರುಗಳನ್ನು ವಾಪಸ್ ತರಲು ಅವರು ಹಿಡಿದ ದಾರಿ ಬೀರುಗಳದ್ದು. ಕೋದಂಡರಾಮಯ್ಯನವರ ಸೀರೆ ಈ ಬೀದಿಯ ಯಾವ ಹೆಂಗಸಿನ ಬೀರುವಿನಲ್ಲಿ ಇಲ್ಲ? ಮದುವೆಯ ಸೀರೆ, ಸೀಮಂತದ ಸೀರೆ, ತವರಿನವರು ಕೊಟ್ಟದ್ದು. ಒಬ್ಬೊಬ್ಬರ ಮನೆಗೂ ಹೋಗಿ ಕಡ ತಂದು, ಭೂತಗನ್ನಡಿ ಹಿಡಿದು ಎಳೆ ಎಳೆ ನೋಡಿ, ಬಾರ್ಡರನ್ನು ಮತ್ತೆ ಪರದೆಯ ಮೇಲೆ ಏರಿಸಿದರು. ವರ್ಷವೆಲ್ಲ ಇದೇ ಆಯಿತು. ಬಿಡುವು ಸಿಕ್ಕಾಗ ಮೇಘನಳೂ ಬಂದು ಕೂತಳು. ಎಲ್ಲವೂ ಸಿಗಲಿಲ್ಲ. ಸಿಕ್ಕವನ್ನು ಕೋದಂಡರಾಮಯ್ಯ ಸುಮ್ಮನೆ ತೆಗೆದುಕೊಂಡರು, ನೇಯಿಸಿದರು. ಡಬ್ಬಿಯ ಮಾತು ಬಂದರೆ ಮಾತ್ರ ‘ಅದೊಂದು ಬೇಡ ತಾಯಿ. ಅದು ಮನೇಲಿ ಇದ್ದಾಗ್ಲೇ ಬಾರ್ಡರೆಲ್ಲಾ ಹೋಯ್ತಲ್ಲ’ ಎಂದು ಎದ್ದು ಒಳಗೆ ಹೋಗುತ್ತಿದ್ದರು. ಈಗ ಅವರ ಕಂಪ್ಯೂಟರು ಇಂಟರ್ನೆಟ್ಟಿಲ್ಲದೆ ಕೂತಿದೆ. ಆರ್ಡರು ಬಂದರೆ ಮೇಘನ ಫೋನಿನಲ್ಲಿ ನೋಡಿ ಓಡಬೇಕು.

ಬೀದಿಯವರ ಬಾಯಿ ಕೇಳಬೇಕೇ? ಕೋದಂಡರಾಮಯ್ಯನವರ ಮನೆಯಲ್ಲೇ ಹೀಗಾಯಿತು ಅಂದಮೇಲೆ ಉಳಿದವರಿಗೂ ಅನುಮಾನ ಬಂತು. ಮತ್ತೆ ಆಯುಧ ಪೂಜೆ ಬಂದಿದೆ. ಈ ಸಲವೂ ಏನಾದರೂ ಆದರೆ ಡಬ್ಬಿಗಳೆಲ್ಲ ಕವರು ಸೇರಿ ವಾಪಸ್ ಬರುವುದು ಖಂಡಿತ. ನಾಗಲಕ್ಷ್ಮಮ್ಮನಿಗೆ ಅದು ಗೊತ್ತಿದೆ. ಆ ದಿನ ಡಬ್ಬಿ ಆರಿಸಬೇಡಿ ಎಂದು ಹೇಳಿಬಿಡಬಹುದಲ್ಲ?

‘ಹೆಂಗೆ ಹೇಳೋದು? ನಾನೂ ನೇಕಾರರ ಮನೆಯವಳೇ. ದುಡಿಯೋ ವಸ್ತೂಗೆ ಒಂದಿನ ಕೈ ಮುಗಿದು ಸುಮ್ನೆ ಕೂರಿಸೋದು ಬೇಡ ಅಂತ ನನ್ನ ಬಾಯಲ್ಲಿ ಬರಲ್ಲ. ಪದ್ಧತಿ ಇರ್ಲಿ. ಬದಲಿ ಕೂರಿಸೋಣ.’

ಹಾಗೆ ಹುಟ್ಟಿದ್ದು ಬದಲಿ ಡಬ್ಬಿ. ಕೇಬಲ್‌ನವರು ಬದಲಾಯಿಸಿ ಎಸೆದ ಹಳೆಯ ವೈಫೈ ಡಬ್ಬಿಗಳಿಗೆ ಅಂತಲೇ ಬರೆದ ಪುಟ್ಟ ಮುಕ್ತ ತಂತ್ರಾಂಶವಿದೆ. ಕಂಪನಿ ಹಾಕಿದ್ದನ್ನು ಅಳಿಸಿ ಅದನ್ನು ತುಂಬಿದರೆ, ಗುಜರಿಯ ಡಬ್ಬಿಯೇ ಒಂದು ದಿನದ ಕಾವಲಿಗೆ ಸಾಕು. ದೊಡ್ಡ ಡಬ್ಬಿಯಷ್ಟು ಶಕ್ತಿ ಇಲ್ಲ, ಆದರೆ ಕದ ಮುಚ್ಚಿಕೊಂಡು ಕೂರುವಷ್ಟು ಇದೆ. ತೊಂದರೆ ಏನೆಂದರೆ, ನೋಡಲು ಅವಳಿ ಜವಳಿಯಂತಿರುವ ಎರಡು ಡಬ್ಬಿಗಳ ಒಳಗೆ ಬೇರೆ ಬೇರೆ ಚಿಪ್ ಇರುತ್ತದೆ. ಒಂದು ಹೊಸ ತಂತ್ರಾಂಶವನ್ನು ಒಪ್ಪುತ್ತದೆ, ಇನ್ನೊಂದು ಮತ್ತೆ ಏಳದಂತೆ ಅಲ್ಲೇ ಕಲ್ಲಾಗುತ್ತದೆ. ತಿರುಗಿಸಿ, ಹೊಟ್ಟೆಗೆ ಅಂಟಿಸಿದ ಚೀಟಿಯ ಮೂಲೆಯಲ್ಲಿರುವ ಪುಟ್ಟ ಅಕ್ಷರ ಓದಿಯೇ ಕೊಳ್ಳಬೇಕು. ಇದನ್ನು ತಿಳಿಯುವ ಮುಂಚೆ ನಾಗಲಕ್ಷ್ಮಮ್ಮ ಕಲ್ಲು ಮಾಡಿದ ಡಬ್ಬಿಗಳು ಈಗ ಹಿತ್ತಿಲಿನಲ್ಲಿ ತುಳಸಿ ಕಟ್ಟೆಯ ಸುತ್ತ ಅಂಚು ಕಟ್ಟಿಕೊಂಡಿವೆ.

ಆಯುಧ ಪೂಜೆಯ ಬೆಳಗ್ಗೆ ಬೀದಿಯಲ್ಲಿ ಮಗ್ಗದ ಸದ್ದಿಲ್ಲ. ಬಾಗಿಲು ಬಾಗಿಲಿಗೆ ಬಾಳೆಕಂದು, ಮುಂದೆ ಒಡೆದ ಬೂದುಗುಂಬಳ. ನಾಗಲಕ್ಷ್ಮಮ್ಮ ತಲೆಗೆ ಸ್ನಾನ ಮಾಡಿ, ಹೆಗಲಿಗೆ ಚೀಲ ಹಾಕಿಕೊಂಡು, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಹೊರಡುತ್ತಾರೆ. ಒಂದೊಂದು ಮನೆಯಲ್ಲೂ ದೊಡ್ಡ ಡಬ್ಬಿ ಬಿಡಿಸಿ ಮನೆಯವರ ಕೈಗೆ ಕೊಡುತ್ತಾರೆ, ಅದು ಮಣೆಗೆ ಹೋಗುತ್ತದೆ. ಅದರ ಜಾಗಕ್ಕೆ ಬದಲಿ ಡಬ್ಬಿ ಕೂತು ಹಸಿರು ದೀಪ ಮಿಟುಕಿಸುತ್ತದೆ. ‘ನಾಳೆ ಬಂದು ಬಿಡಿಸ್ಕೊಂಡು ಹೋಗ್ತೀನಿ. ಅಲ್ಲೀ ತಂಕ ಈ ವೈರಿಗೆ ಯಾರೂ ಕೈ ಹಾಕ್ಬಾರ್ದು’ ಎಂದು ಎಲ್ಲ ಮನೆಗೂ ಒಂದೇ ಮಾತು. ಕೋದಂಡರಾಮಯ್ಯನವರ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದಾರೆ. ಅಲ್ಲಿ ಡಬ್ಬಿ ಇಲ್ಲ, ಬದಲಿಯ ಅಗತ್ಯವೂ ಇಲ್ಲ. ಅರಿಶಿನ ಕುಂಕುಮ ತೆಗೆದುಕೊಂಡು ಬರಲು ಹೋಗುತ್ತಿದ್ದೇನೆ ಎಂದು ರವಿಶಂಕರ್‌ಗೆ ಹೇಳಿದ್ದಾರೆ. ಚೀಲದ ತಳದಲ್ಲಿ ಷೆಲ್ಫಿನ ಮೇಲಿದ್ದ ಆ ಡಬ್ಬಿ ಯಾಕಿದೆ ಎಂದು ಮಾತ್ರ ಹೇಳಿಲ್ಲ.

ಹಿರಿಯರು ಬಾಗಿಲಲ್ಲೇ ನಿಂತಿದ್ದಾರೆ. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಇವರು ಮನೆ ಮನೆ ಹತ್ತಿ ಇಳಿದದ್ದನ್ನೆಲ್ಲ ನೋಡುತ್ತಲೇ ಇದ್ದರೆಂದು ಕಾಣುತ್ತದೆ.

‘ಎಲ್ಲರ ಮನೇಲೂ ಏನೋ ಬದಲಾಯಿಸ್ತಾ ಬಂದ್ಯಲ್ಲಮ್ಮಾ, ಏನದು?’

‘ಡಬ್ಬಿಗೆ ಇವತ್ತು ರಜಾ, ದೊಡ್ಡಪ್ಪ. ಬದಲಿ ಕೂರಿಸಿ ಬಂದೆ.’

‘ಹೋದ ವರ್ಷ ಈ ಬದಲಿ ಎಲ್ಲಿತ್ತು?’

‘ಇರ್ಲಿಲ್ಲ. ನಂಗೆ ಹೊಳೀಲಿಲ್ಲ. ತಪ್ಪಾಯ್ತು.’

ಒಳಗಿನಿಂದ ಮೇಘನ ಬಂದು ಅತ್ತೆಯ ಪಕ್ಕದಲ್ಲಿ ನಿಲ್ಲುತ್ತಾಳೆ. ‘ತಾತ, ವೈರ್ ಚುಚ್ಚಿದ್ದು ನಾನು. ಅತ್ತೆ ತಪ್ಪಲ್ಲ, ಡಬ್ಬಿ ತಪ್ಪೂ ಅಲ್ಲ.’ ವರ್ಷದಿಂದ ತಾತನಿಗೆ ಹೇಳದೆ ಇಟ್ಟುಕೊಂಡಿದ್ದ ಮಾತು ಅದು.

ಕೋದಂಡರಾಮಯ್ಯ ಮೊಮ್ಮಗಳನ್ನು ನೋಡುತ್ತಾರೆ, ಚೀಲವನ್ನು ನೋಡುತ್ತಾರೆ. ‘ಹಂಗಾದ್ರೆ ಅವತ್ತು ನಾನು ಏನೂ ತಪ್ಪು ಮಾಡದ್ದನ್ನ ಮನೆಯಿಂದ ಆಚೆ ಕಳಿಸ್ದೆ’ ಎನ್ನುತ್ತಾರೆ. ಆಮೇಲೆ ಒಳಗೆ ಹೋಗಿ, ಮಣೆಯ ಮೇಲಿನ ಲಾಳಿ ಕತ್ತರಿಗಳನ್ನು ಒಂದೊಂದಾಗಿ ಸರಿಸಿ ನಡುವೆ ಜಾಗ ಮಾಡುತ್ತಾರೆ. ‘ಎಲ್ಲಿ, ತಂದಿದ್ದೀಯಲ್ಲ, ಕೊಡು ಇಲ್ಲಿ. ಪೂಜೆ ಹೊತ್ತಾಗುತ್ತೆ.’

ಕಣ್ಣು ತುಂಬಿಕೊಂಡ ನಾಗಲಕ್ಷ್ಮಮ್ಮನಿಗೆ ಚೀಲದ ಜಿಪ್ ಕಾಣುವುದಿಲ್ಲ. ಮೇಘನಳೇ ತೆಗೆದು ಕೊಡುತ್ತಾಳೆ. ಹಳೆಯ ಕುಂಕುಮದ ಮೇಲೆಯೇ ಹೊಸ ಕುಂಕುಮ ಬೀಳುತ್ತದೆ. ಸುತ್ತಿಟ್ಟಿದ್ದ ಹೊರಗಿನ ವೈರು ಮತ್ತೆ ಮನೆಯೊಳಗೆ ಬರುತ್ತದೆ, ಚೀಲದಲ್ಲಿ ಮಿಕ್ಕಿದ್ದ ಒಂದು ಬದಲಿ ಡಬ್ಬಿ ಕಾವಲಿಗೆ ಕೂರುತ್ತದೆ. ಸೇಲಂನವರು ಈ ಸಲವೂ ಮಂಗಳಾರತಿ ನೋಡುತ್ತಾರೆ.

ಮಾರನೇ ಬೆಳಗ್ಗೆ ಎಲ್ಲ ಡಬ್ಬಿಗಳೂ ತಮ್ಮ ತಮ್ಮ ಜಾಗಕ್ಕೆ ಮರಳಿವೆ. ಯಾರ ಮನೆಯಲ್ಲೂ ಏನೂ ಆಗಿಲ್ಲ. ಏನೂ ಆಗದಿದ್ದುದಕ್ಕೆ ಹೊಗಳುವವರು ಯಾರೂ ಇಲ್ಲ. ಬದಲಿ ಡಬ್ಬಿಗಳು ಚೀಲದಲ್ಲಿ ವಾಪಸ್ ಬಂದಿವೆ. ನಾಗಲಕ್ಷ್ಮಮ್ಮ ಅವನ್ನು ಒಂದೊಂದಾಗಿ ಒರೆಸಿ, ನಡುಮನೆಯ ಮಣೆಯ ಮೇಲೆ ಸಾಲಾಗಿ ಇಡುತ್ತಾರೆ, ಕುಂಕುಮ ಇಡುತ್ತಾರೆ, ಮಿಕ್ಕ ಸೇವಂತಿಗೆ ಕಿತ್ತು ಹಂಚುತ್ತಾರೆ. ‘ನೆನ್ನೆ ಊರಿಗೆಲ್ಲಾ ಹಬ್ಬ, ಇವು ಮಾತ್ರ ಕೆಲಸ ಮಾಡಿದ್ವು. ಇವತ್ತು ಇವುಗಳ ಹಬ್ಬ.’

ಹೊರಗೆ ಮಗ್ಗಗಳು ಒಂದೊಂದಾಗಿ ಸದ್ದು ಶುರು ಮಾಡುತ್ತಿವೆ. ನಾಗಲಕ್ಷ್ಮಮ್ಮ ಸುತ್ತ ತಡಕಾಡುತ್ತಾರೆ. ‘ರೀ, ನನ್ನ ಸ್ಕ್ರೂಡ್ರೈವರ್ ನೋಡಿದ್ರಾ? ದೊಡ್ಡಪ್ಪನ ಮನೆ ಡಬ್ಬಿಗೆ ಇನ್ನೊಂದು ಸ್ಕ್ರೂ ಹಾಕ್ಬೇಕಿತ್ತು.’

ರವಿಶಂಕರ್ ಮಣೆಯ ಕಡೆ ಕೈ ತೋರುತ್ತಾರೆ. ಡಬ್ಬಿಗಳ ಸಾಲಿನ ಕೊನೆಯಲ್ಲಿ, ತೊಳೆದು ಒರೆಸಿದ ಸ್ಕ್ರೂಡ್ರೈವರ್. ಹಿಡಿಯ ಮೇಲೆ ಕುಂಕುಮ, ಒಂದು ಸೇವಂತಿಗೆ. ಯಾವಾಗ ಇಟ್ಟರೋ ತಿಳಿಯದು.

‘ನೆನ್ನೆ ಅದೂ ಕೆಲಸ ಮಾಡ್ತಲ್ಲ. ಇವತ್ತು ಮುಟ್ಟಂಗಿಲ್ಲ’ ಎನ್ನುತ್ತಾರೆ.

ನಾಗಲಕ್ಷ್ಮಮ್ಮ ಒಂದು ಕ್ಷಣ ಅದನ್ನೇ ನೋಡುತ್ತಾರೆ. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಟ್ಟು, ಗೋಡೆಗೆ ಒರಗಿ ಕಾಲು ಚಾಚಿ ಕೂರುತ್ತಾರೆ.

‘ಹಂಗಾದ್ರೆ ಕಾಫಿ ನೀವೇ ಮಾಡ್ಕೊಂಡು ಬನ್ನಿ. ಇವತ್ತು ಬಿಸಿಯಾಗೇ ಕುಡೀತೀನಿ.’